ನಿನ್ನೆಯ ಹಿಟ್ಟು

ಈಗ ಸೋರ್‌ಡೋ ಎಂದು ಮೆರೆಯುವ ಹುಳಿ ಬ್ರೆಡ್ಡನ್ನು ಹೊನ್ನಾವರದ ನಮ್ಮ ಕೇರಿಯ ಬೇಕರಿಯವರು ಬರೀ ಬ್ರೆಡ್ ಎಂದೇ ಮಾರುತ್ತಿದ್ದರು. ದಿನವೂ ನಾದಿದ ಹಿಟ್ಟಿನಲ್ಲಿ ಒಂದು ಮುದ್ದೆಯನ್ನು ಗಡಿಗೆಯಲ್ಲಿ ಎತ್ತಿಡುವರು. ಮರುದಿನದ ಹಿಟ್ಟಿಗೆ ಅದೇ ಹೆಪ್ಪು. “ನಿನ್ನೆದು ಚೂರು ಇದ್ರೇ ಇವತ್ತಿಂದು ಉಬ್ಬೂದು” ಎಂದು ಬಂದವರಿಗೆಲ್ಲ ಹೇಳುವರು. ಅಮ್ಮನಿಗೂ ಒಮ್ಮೆ ಒಂದು ಮುದ್ದೆ ಕೊಟ್ಟಿದ್ದರು.

ಚೌತಿಯ ಮುಂಚೆ ಅವರ ಹೊಸ ಸೊಸೆ ಆ ಗಡಿಗೆಯನ್ನು ತಿಕ್ಕಿ ತೊಳೆದುಬಿಟ್ಟಳು. ಬೇಕರಿಯವರು ಬಟ್ಟಲು ಹಿಡಿದು ನಮ್ಮ ಬಾಗಿಲಿಗೆ ಬಂದರು.

“ಅಕ್ಕಾ, ನಾ ಕೊಟ್ಟ ಹಿಟ್ಟು ಒಂಚೂರು ಇದ್ಯ?” ಎಂದು ಅಮ್ಮನನ್ನು ಕೇಳಿದರು.

ಹುಳಿ ವಾಸನೆಯೆಂದು ನಾನೇ ಅದನ್ನು ತೆಂಗಿನ ಬುಡಕ್ಕೆ ಎಸೆದಿದ್ದೆ, ಹಾಗೆಂದು ಹೇಳಿದೆ.

“ಆತು ಬಿಡು” ಎಂದರು.

ಆಮೇಲೆ ಪೊಟ್ಟಣದ ಯೀಸ್ಟ್ ಬಂತು. ಬ್ರೆಡ್ ಇನ್ನೂ ಚೆನ್ನಾಗಿ ಉಬ್ಬಿತು. ಅವರು ಮಾತ್ರ ಆ ನಿನ್ನೆಯ ಚೂರಿನ ಮಾತನ್ನು ಮತ್ತೆ ಆಡಲಿಲ್ಲ.