ಹೊದಿಕೆಯೊಳಗಿನ ಮೂರನೆಯ ಕೈ

ಕೊರೋನಾ ಲಾಕ್‌ಡೌನ್‌ಗಳು ಮುಗಿದ ಮರುವರ್ಷ ನಾನು ಮೆಲ್ಬರ್ನ್‌ನ ಬಾಕ್ಸ್ ಹಿಲ್‌ನ ಒಂದು ಬಾರ್ಬರ್ ಶಾಪ್‌ನಲ್ಲಿ ಸೀನಿಯರ್ ಬಾರ್ಬರ್ ಆಗಿದ್ದೆ. ದಾವಣಗೆರೆಯಲ್ಲಿ ನಮ್ಮದು ಮೂರು ತಲೆಮಾರಿನ ಕ್ಷೌರದ ಮನೆತನ. ಆದರೆ ಹೆಣ್ಣುಮಗಳ ಕೈಗೆ ಕತ್ತಿ ಕೊಟ್ಟವರಿಲ್ಲ. ಇಲ್ಲಿಗೆ ಓದಲು ಬಂದು, ಹೇರ್‌ಡ್ರೆಸಿಂಗ್ ಕೋರ್ಸ್ ಮಾಡಿ, ಅದರಿಂದಲೇ ಇಲ್ಲಿ ಕಾಯಂ ನೆಲೆಸುವ ಪಿಆರ್ ಪಡೆದೆ. ಹೇಗಿದೆ ನೋಡಿ!

ಪ್ರಭಾಕರ ಶೆಟ್ಟರು ಉಡುಪಿ ಕಡೆಯವರು. ಡಾಕ್‌ಲ್ಯಾಂಡ್ಸ್‌ನ ಬ್ಯಾಂಕೊಂದರಲ್ಲಿ ಕೆಲಸ. ಪ್ರತಿ ಗುರುವಾರ ಆಫೀಸು ಮುಗಿಸಿ ಐದೂಮುಕ್ಕಾಲಿಗೆ ವೆಟ್ ಶೇವ್‌ಗೆ ಬರುತ್ತಿದ್ದರು. ಬಿಸಿ ಟವೆಲಿನಿಂದ ಗಡ್ಡ ಮೆತ್ತಗೆ ಮಾಡಿ, ಬ್ರಶ್ಶಿನಿಂದ ನೊರೆ ಹಚ್ಚಿ, ಕತ್ತಿಯಲ್ಲಿ ನಿಧಾನವಾಗಿ ತೆಗೆಯುವ ಅರ್ಧ ಗಂಟೆಯ ಕೆಲಸವದು. "ಮೀಟಿಂಗಲ್ಲಿ ಬಿಗಿದ ದವಡೆ ಬಿಚ್ಚುವುದು ಇಲ್ಲಿಯೇ ಮಾರಾಯ್ತಿ" ಎನ್ನುತ್ತಿದ್ದರು. ನನಗೆ ಅದಕ್ಕಿಂತ ದೊಡ್ಡ ಬಿರುದು ಬೇಕಿರಲಿಲ್ಲ.

ಆ ಗುರುವಾರ ಅಂಗಡಿಯಲ್ಲಿ ನಾವಿಬ್ಬರೇ. ಶೆಟ್ಟರು ಕೋಟನ್ನು ತಾವೇ ತೂಗುಹಾಕಿ ಕುಳಿತರು. ಕೊರಳಿನಿಂದ ಮೊಣಕಾಲವರೆಗೆ ಹೊದಿಕೆ ಹೊದಿಸಿ, ಬಿಸಿ ಟವೆಲ್ ಇಟ್ಟು ತೆಗೆದು, ನೊರೆ ಹಚ್ಚಿ ಬಲಗೆನ್ನೆಗೆ ಕತ್ತಿ ಇಟ್ಟೆ. ಅವರ ಮುಖ ಎಂದೂ ಕಾಣದಷ್ಟು ಸಡಿಲವಾಗಿತ್ತು. ಎಡ ತುಟಿಯ ಅಂಚು ಜೋತಿತ್ತು. ನನ್ನ ಕೈಗುಣ ಎಂದು ಒಳಗೊಳಗೇ ಬೀಗಿದೆ.

ಆಗ ಅವರು ಕಣ್ಣು ತೆರೆಯದೆ ಹೇಳಿದರು: "ಈ ಬಟ್ಟೆ ಒಳಗೆ ಯಾರದ್ದೋ ಕೈ ಉಂಟು. ತೆಗಿ ಮಾರಾಯ್ತಿ."

ತಮಾಷೆ ಎಂದುಕೊಂಡು ಹೊದಿಕೆ ಎತ್ತಿದೆ. ತೊಡೆಯ ಮೇಲೆ ಅವರದೇ ಎಡಗೈ.

"ಇದು ನಿಮ್ದೇ ಅಲ್ವಾ ಶೆಟ್ರೇ?"

"ನಂದಲ್ಲ. ತಣ್ಣಗುಂಟು."

ಅಯ್ಯೋ, ಎಷ್ಟು ಶಾಂತವಾದ ದನಿ ಅದು! ತಟ್ಟನೆ ತಲೆಯೆತ್ತಿದೆ. ಕನ್ನಡಿಯಲ್ಲಿ ನಮ್ಮ ಹಿಂದೆ ಖಾಲಿ ಕುರ್ಚಿಗಳು ಬಿಟ್ಟರೆ ಯಾರೂ ಇರಲಿಲ್ಲ.

ಆಗಲೇ ಕತ್ತಿ ಕೆಳಗಿಡಬೇಕಿತ್ತು. ಆದರೆ ಗಿರಾಕಿಯನ್ನು ಅರ್ಧ ಗಡ್ಡದಲ್ಲಿ ಎಬ್ಬಿಸುವುದು ಅಪಶಕುನ ಎಂಬುದು ನಮ್ಮ ಮನೆಯ ಕಟ್ಟಳೆ. ಭೂಕಂಪವಾದರೂ ಮುಗಿಸಿಯೇ ಎಬ್ಬಿಸಬೇಕು ಎನ್ನುತ್ತಿದ್ದರು ಅಪ್ಪ. ನಿದ್ದೆಗಣ್ಣಿನ ಮಾತು ಎಂದು ಮನಸ್ಸಿಗೆ ಸಮಾಧಾನ ಹೇಳಿ, ಬಲಗೆನ್ನೆಯನ್ನು ನುಣ್ಣಗೆ ಮುಗಿಸಿ, ಎಡಕ್ಕೆ ಬಂದೆ.

"ಆ ಬದಿ ಆಯ್ತಲ್ಲ?" ಎಂದರು. ಕಣ್ಣು ತೆರೆದು ಕನ್ನಡಿಯನ್ನೇ ನೋಡುತ್ತಿದ್ದರು. ಎಡಗೆನ್ನೆಯ ತುಂಬ ಬಿಳೀ ನೊರೆ ಇತ್ತು. ಅವರಿಗೆ ಅದು ಕಾಣುತ್ತಲೇ ಇರಲಿಲ್ಲ.

"ಕೆನ್ನೆಗೆ ಗಾಳಿ ತುಂಬ್ರಿ" ಎಂದೆ. ಬಲಗೆನ್ನೆ ಉಬ್ಬಿತು. ಎಡ ತುಟಿಯ ಸಂದಿಯಿಂದ ಗಾಳಿ ಸೋರಿ ನೊರೆ ಗುಳುಗುಳು ಎಂದಿತು.

ಕತ್ತಿ ಎಸೆದು ಆಂಬುಲೆನ್ಸ್‌ಗೆ ಫೋನ್ ಮಾಡಿದೆ. ಬಂದವರ ಮೊದಲ ಪ್ರಶ್ನೆ, ಕೊನೆಯ ಸಲ ಸರಿಯಾಗಿದ್ದದ್ದು ಯಾವಾಗ ಎಂಬುದು. ಸ್ಟ್ರೋಕ್‌ನಲ್ಲಿ, ಅಂದರೆ ಪಾರ್ಶ್ವವಾಯುವಿನಲ್ಲಿ, ಮಿದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಅದನ್ನು ಕರಗಿಸುವ ಔಷಧಿಯನ್ನು ಕೆಲವೇ ಗಂಟೆಗಳೊಳಗೆ ಕೊಡಬೇಕು. ಕೋಟು ತೂಗುಹಾಕಿದ ಸಮಯ ಹೇಳಿದೆ. ಅರ್ಧ ನೊರೆಯ ಮುಖದಲ್ಲೇ ಕರೆದೊಯ್ದರು. ಎಡಭಾಗವೆಂಬುದೇ ಇಲ್ಲದಂತೆ ವರ್ತಿಸುವುದು, ಸ್ವಂತ ಕೈಯನ್ನೇ ಪರರದೆನ್ನುವುದು ಈ ಕಾಯಿಲೆಯ ಲಕ್ಷಣ ಎಂದು ಆಮೇಲೆ ಡಾಕ್ಟರ್ ವಿವರಿಸಿದರು.

ಅಂದಿನಿಂದ ಯಾರೇ ಹಾಯಾಗಿ ಒರಗಿರಲಿ, ನಡುವೆ ಮಾತಾಡಿಸಿ ಎರಡೂ ಕೈ ಎತ್ತಿಸುತ್ತೇನೆ. ಕೆಲವರು ನಗುತ್ತಾರೆ, ಕೆಲವರು ಬೈಯುತ್ತಾರೆ. ಬೈಯಲಿ. ಹಿಡಿದ ಕೆಲಸವನ್ನು ಬಿಡಬೇಕಾದ ಗಳಿಗೆಯನ್ನು ಗುರುತಿಸುವುದೂ ಕಸುಬೇ ಎಂದು ತಡವಾಗಿ ಕಲಿತೆ.

ಕೆಲವು ತಿಂಗಳ ನಂತರ ಶೆಟ್ಟರು ಬಂದರು. ಎಡಗೈ ಇನ್ನೂ ಸೋತಿತ್ತು. ಜೊತೆಗೆ ಬಂದಿದ್ದ ಅವರ ಹೆಂಡತಿ ನನ್ನ ಎರಡೂ ಕೈ ಹಿಡಿದು, ಗಂಡನನ್ನು ಉಳಿಸಿಕೊಟ್ಟೆ ಎಂದು ಅತ್ತು, ಸಾಮಾನು ತರಲು ಹೊರಟರು. ನನಗೆ ತಡೆಯಲಾಗಲಿಲ್ಲ.

"ಶೆಟ್ರೇ, ನೀವು ಕೈ ವಿಷ್ಯ ಹೇಳಿದ ಕೂಡ್ಲೇ ನಾನು ಫೋನ್ ಮಾಡ್ಲಿಲ್ಲ. ಕೆನ್ನೆ ಮುಗಿಸ್ತಾ ನಿಂತೆ."

"ಎಷ್ಟು ಹೊತ್ತು?"

"ಐದಾರು ನಿಮಿಷ."

ಅವರು ಬಲಗೈಯಿಂದ ಎಡಗೈಯನ್ನೆತ್ತಿ ತೊಡೆಯ ಮೇಲೆ ಇಟ್ಟುಕೊಂಡರು.

"ಅವಳ ಹತ್ರ ಹೇಳ್ಬೇಡ" ಎಂದರು. "ನಿನ್ನ ಹೆಸರು ಹೇಳಿ ದಿನಾ ದೇವರಿಗೆ ದೀಪ ಇಡ್ತಾಳೆ."