ಐದೂ ಮುಕ್ಕಾಲು ಅಡಿ

ನಾನು ಹೊಸನಗರದ ಕಾಡಿಗೆ ಹೊಸ ಗಾರ್ಡ್ ಆಗಿ ಬಂದಾಗ ಮರಗಳ ಸುತ್ತಳತೆ ಹಿಡಿಯುತ್ತಿದ್ದವರು ಒಬ್ಬ ವಯಸ್ಸಾದ ವಾಚರ್. ಸುತ್ತಳತೆ ಆರಡಿ ಮೀರಿದ ಮರವನ್ನು ಕಡಿಯಬೇಕು, ಕಡಿಮೆಯಿದ್ದರೆ ಬಿಡಬೇಕು ಎಂಬುದು ನಿಯಮ. ಅವರು ಟೇಪು ಸುತ್ತಿ ಅಳತೆ ಕೂಗುತ್ತಿದ್ದರು, ನಾನು ಪುಸ್ತಕದಲ್ಲಿ ಬರೆಯುತ್ತಿದ್ದೆ.

ಟೇಪು ಬಿಚ್ಚುವ ಮೊದಲು ಅವರು ಕತ್ತೆತ್ತಿ ಮೇಲೆ ನೋಡುವರು. ಪೊಟರೆಯಲ್ಲಿ ಮಂಗಟ್ಟೆ ಹಕ್ಕಿಯ ಗೂಡಿದ್ದರೆ, ಕೊಂಬೆಯಲ್ಲಿ ಸಿಂಗಳೀಕಗಳು ತಿನ್ನುವ ಹಣ್ಣಿದ್ದರೆ, ಮರ ಎಷ್ಟೇ ದಪ್ಪವಿರಲಿ, "ಐದೂ ಮುಕ್ಕಾಲು. ಇನ್ನೂ ಬೆಳೀಬೇಕು, ಬರ್ಕಳಿ" ಎನ್ನುವರು. ಇಬ್ಬರು ಸೇರಿ ತಬ್ಬಿದರೂ ಕೈಗೆ ಕೈ ಸಿಗದ ಧೂಪದ ಮರಕ್ಕೂ ಅದೇ ಮಾತು. ನಾನು ಮರದ ಕಡೆ ನೋಡದೆ ಬರೆದುಕೊಳ್ಳುತ್ತಿದ್ದೆ.

ಶರಾವತಿಗೆ ಅಣೆಕಟ್ಟು ಏಳುತ್ತಿದ್ದ ಕಾಲ. ಒಂದು ಬೇಸಿಗೆಯಲ್ಲಿ ಆರ್ಡರ್ ಬಂತು. ಮುಳುಗಡೆಯಾಗುವ ಕಾಡಿನಲ್ಲಿ ಸಣ್ಣದು, ದೊಡ್ಡದು ಎನ್ನದೆ ಎಲ್ಲವನ್ನೂ ಕಡಿಯಬೇಕು, ಅಳತೆಯ ಅಗತ್ಯವಿಲ್ಲ.

ಮರುದಿನ ಬೆಳಿಗ್ಗೆ ಅವರು ಟೇಪು ಹಿಡಿದೇ ಬಂದರು. ನೇರ ಆ ಧೂಪದ ಮರದ ಹತ್ತಿರ ಹೋಗಿ, ತೊಗಟೆಯನ್ನೊಮ್ಮೆ ಸವರಿ, ಟೇಪು ಸುತ್ತಿದರು.

"ಇನ್ನು ಅಳತೆ ಎಂತಕ್ಕೆ ಮಾರಾಯ್ರೆ?" ಎಂದೆ.

"ಹದಿನಾಲ್ಕಡಿ" ಎಂದು ಕೂಗಿದರು. ಆಮೇಲೆ ದನಿ ತಗ್ಗಿಸಿ, "ಇಷ್ಟು ವರ್ಷ ಇದನ್ನ ಸಣ್ಣದು ಅಂತ ಹೇಳ್ದೆ. ಇವತ್ತಾದ್ರೂ ನಿಜ ಬರ್ಕಳಿ ಗಾರ್ಡ್ರೇ" ಎಂದರು.

ಅವರು ಉಳಿಸಿಕೊಂಡು ಬಂದಿದ್ದ ಮರಗಳನ್ನೆಲ್ಲ ಸಂಜೆಯವರೆಗೆ ಅಳೆದೆವು. ಐದೂ ಮುಕ್ಕಾಲು ಅಡಿಯದು ಒಂದೂ ಇರಲಿಲ್ಲ.