ಬೀಳುವ ವಿದ್ಯೆಗೊಬ್ಬ ಗಿರಾಕಿ

ನಮ್ಮ ಅಂಗಡಿಗೆ ಸೀರೆ ಕೊಳ್ಳಲು ಬಂದವರಿಗೆ ಸೀರೆಯ ಜೊತೆ ನಾಲ್ಕು ಸಲಹೆಯನ್ನೂ ಕಟ್ಟಿಕೊಡುವುದು ನನ್ನ ಹಳೆಯ ಚಟ. ಮಗಳಿಗೆ ಎಂಥ ವರ ನೋಡಬೇಕು, ಅಂಗಳದ ಯಾವ ಮೂಲೆಗೆ ಬೋರ್ ಹಾಕಿಸಬೇಕು, ಬಾಗಲಕೋಟೆಯ ಬಸ್ಸಿನಲ್ಲಿ ಯಾವ ಬದಿ ಕೂತರೆ ಬಿಸಿಲು ಬಡಿಯುವುದಿಲ್ಲ, ಎಲ್ಲವೂ ನನ್ನಲ್ಲಿ ಸ್ಟಾಕ್ ಇರುತ್ತದೆ. ಸೀರೆಗೆ ತಾಸುಗಟ್ಟಲೆ ಚೌಕಾಸಿ ಮಾಡುವವರು ಪುಕ್ಕಟೆ ಕೊಟ್ಟ ಸಲಹೆಯನ್ನು ಮಾತ್ರ ಗಾದಿಯ ಮೇಲೇ ಬಿಟ್ಟು ಹೋಗುತ್ತಾರೆ, ಅದು ಬೇರೆ ಮಾತು. ಈಚೆಗೆ ಈ ಸ್ಟಾಕಿಗೆ ಹೊಸ ಮಾಲೊಂದು ಸೇರಿದೆ. ಮಕ್ಕಳನ್ನು ಕರಾಟೆಗೆ ಹಾಕೋಣವೋ, ಕುಸ್ತಿಗೋ, ಬಾಕ್ಸಿಂಗಿಗೋ ಎಂದು ಯಾರಾದರೂ ಬಾಯಿ ತೆರೆದರೆ ಸಾಕು, ನಾನು ಗಾದಿಯ ಮೇಲೆ ಕಾಲು ಮಡಚಿ ಕೂತು ಶುರು ಹಚ್ಚಿಕೊಳ್ಳುತ್ತೇನೆ. ಈ ಜ್ಞಾನ ನನಗೆ ದಕ್ಕಿದ್ದು ಯಾವ ಗುರುವಿನಿಂದಲೂ ಅಲ್ಲ, ಪರಸಪ್ಪನ ಬಚ್ಚಲದಿಂದ.

ಪರಸಪ್ಪ ನನ್ನ ಓಣಿಯವನು, ನನ್ನ ವಾರಿಗೆಯವನು, ಕುಣಿಮಗ್ಗದ ನೇಕಾರ. ನಾನು ಸೀರೆಗಂಟು ಹೊತ್ತು ಊರೂರು ತಿರುಗುತ್ತಿದ್ದ ಕಾಲದಿಂದಲೂ ಅವನು ನೇಯ್ದದ್ದನ್ನು ನಾನು ಮಾರುತ್ತ ಬಂದಿದ್ದೇನೆ. ಹೋದ ವರ್ಷ ಬಚ್ಚಲದಲ್ಲಿ ಜಾರಿ ಬಿದ್ದು ಎಡ ಮುಂಗೈ ಮುರಿದುಕೊಂಡ. ಎಲುಬು ಕೂಡಿತು. ಡಾಕ್ಟರು ಪಟ್ಟಿ ಬಿಚ್ಚಿ, ಕೈ ತಿರುವಿ ನೋಡಿ, ಇನ್ನು ಮಗ್ಗಕ್ಕೆ ಕೂಡಬಹುದು ಅಂದರು. ಆದರೆ ಪಟ್ಟಿ ಕಟ್ಟಲಾಗದ ಜಾಗದಲ್ಲೂ ಏನೋ ಮುರಿದಿತ್ತು. ಮನುಷ್ಯ ಗೋಡೆ ಹಿಡಿಯದೆ ಹೆಜ್ಜೆ ಇಡಲೊಲ್ಲ. ಕುಣಿಮಗ್ಗ ಎಂದರೆ ನೆಲದಲ್ಲಿ ಒಂದು ಕುಣಿ ಇರುತ್ತದೆ. ನೇಕಾರ ಅದರೊಳಗೆ ಕಾಲು ಇಳಿಬಿಟ್ಟು ಕೂಡಬೇಕು, ಕಾಲಿನ ಕೆಲಸ ಕೆಳಗೆ, ಕೈಯ ಕೆಲಸ ಮೇಲೆ. ಹುಡುಗನಾಗಿದ್ದಾಗಿನಿಂದ ನಿದ್ದೆಗಣ್ಣಲ್ಲೂ ಇಳಿದ ಆ ಕುಣಿಯ ಅಂಚಿಗೆ ಬಂದು, ಬಾವಿಯೊಳಗೆ ಇಣುಕಿದಂತೆ ಇಣುಕಿ, ತಿರುಗಿ ಹೋಗಿ ಕಟ್ಟೆಯ ಮೇಲೆ ಕೂಡುತ್ತಿದ್ದ. ಅರ್ಧ ನೇಯ್ದ ಸೀರೆ ಹಳೆಯ ಧೋತರ ಹೊದ್ದು ಮಗ್ಗದ ಮೇಲೆ ಮಲಗಿತ್ತು. ಅವನ ಹೆಂಡತಿ ಗಂಗವ್ವನನ್ನು ನಾನು ಅತ್ತಿಗೆಯ ಲೆಕ್ಕದಲ್ಲಿ ವೈನಿ ಎಂದೇ ಕರೆಯುವುದು. ಒಂದು ದಿನ ಆಕೆ ಅಂಗಡಿಗೆ ಬಂದು, ಮಗ್ಗದ ಸಪ್ಪಳ ನಿಂತ ಮನೆಯಲ್ಲಿ ತನಗೆ ಅಡಿಗೆಯ ಹದವೂ ತಿಳಿಯವಲ್ಲದು ಅಂದಳು. "ಹೆಂಗರ ಮಾಡಿ ಅವರನ್ನ ಕುಣ್ಯಾಗ ಇಳಸ್ರಿ ಸಾವ್ಕಾರ್ರ. ಇಲ್ಲಂದ್ರ ಅವರು ಕಟ್ಟಿ ಮ್ಯಾಲೆ ಕುಂತ ಕಲ್ಲಾಗ್ತಾರ."

ಮೈಗೆ ಧೈರ್ಯ ಬರುವಂಥ ವ್ಯಾಯಾಮ ಏನಾದರೂ ಹಚ್ಚಿರಿ ಎಂದು ಡಾಕ್ಟರೂ ಹೇಳಿದ್ದರು. ಮೈ, ಧೈರ್ಯ ಎಂಬ ಎರಡು ಶಬ್ದ ಒಟ್ಟಿಗೆ ಕಿವಿಗೆ ಬಿದ್ದರೆ ನನಗೆ ನೆನಪಾಗುವುದು ನಮ್ಮ ಓಣಿಯ ಗರಡಿಮನೆ. ತಲೆ ಬಗ್ಗಿಸಿಯೇ ದಾಟಬೇಕಾದ ಗಿಡ್ಡ ಬಾಗಿಲು, ಗೂಡಿನಲ್ಲಿ ಎಣ್ಣೆ ಕುಡಿದು ಕರ್ರಗಾದ ಹನುಮಪ್ಪ, ನಡುವೆ ಕೆಮ್ಮಣ್ಣಿನ ಕಣ. ಆ ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಷಿಣ, ನಿಂಬೆರಸ ಬೀಳುತ್ತಿತ್ತು. ಅಷ್ಟು ಉಪಚಾರ ನಮ್ಮ ಮನೆಯ ಸಾರಿಗೂ ಇರಲಿಲ್ಲ. ಹುಸೇನಸಾಬ ವಸ್ತಾದರು ನಮ್ಮ ಗುರು. ಹೊತ್ತು ಹುಟ್ಟುವ ಮೊದಲೇ ಹನುಮಪ್ಪನ ಮುಂದೆ ತಾವೇ ದೀಪ ಹಚ್ಚಿ, ನಮ್ಮ ಕೈಗೆ ಸಲಿಕೆ ಕೊಟ್ಟು ಮಣ್ಣು ಅಗೆಸುತ್ತಿದ್ದರು. ಕುಸ್ತಿ ಕಲಿಯಬೇಕೆಂದು ಬಂದ ಹುಡುಗ ಮೊದಲು ಕಲಿಯುತ್ತಿದ್ದದ್ದು ಒಕ್ಕಲುತನ.

ಪರಸಪ್ಪ ಆ ಗರಡಿಯ ಹುಲಿ. ಅವನು ತೊಡೆ ತಟ್ಟಿದರೆ ಸಪ್ಪಳ ಎರಡು ಓಣಿ ದಾಟುತ್ತಿತ್ತು. ನಾನು ಅಲ್ಲಿಯೂ ವ್ಯಾಪಾರಿಯೇ. ಎದುರಾಳಿಯ ಕುತ್ತಿಗೆ ಹಿಡಿದುಕೊಂಡೇ ಅವನ ಕಿವಿಯಲ್ಲಿ, "ಇಬ್ಬರೂ ಯಾಕ ಸಾಯೋದು, ಬರಾಬರಿ ಮಾಡ್ಕೊಳ್ಳೂಣು" ಎಂದು ಮಾತಿಗಿಳಿಯುತ್ತಿದ್ದೆ. ಸಮಸಮ ಎಂದು ಬಿಡಿಸಿದ ಕುಸ್ತಿಗಳನ್ನು ಗೆಲುವೆಂದು ಹಿಡಿದರೆ ನಾನೂ ದೊಡ್ಡ ಪೈಲವಾನನೇ. ಈಗ ಆ ಗರಡಿಯಲ್ಲಿ ಗಣಪತಿ ಕೂಡಿಸುವ ಹಂದರದ ಗಳಗಳನ್ನು ಇಟ್ಟು ಕೀಲಿ ಹಾಕಿದ್ದಾರೆ. ಮುಂದೆ ಹಾಯುವಾಗ ಇಂದಿಗೂ ನನ್ನ ತಲೆ ತಾನಾಗಿ ಬಗ್ಗುತ್ತದೆ. ಭಕ್ತಿಯೋ, ಆ ಬಾಗಿಲು ಹಣೆಗೆ ಬಡಿದ ನೆನಪೋ, ತಿಳಿಯದು.

ಗರಡಿ ಇಲ್ಲವಾದರೇನು, ಪೇಟೆಯಲ್ಲಿ ಬೇರೆ ಮಾಲು ಇದೆಯಲ್ಲ ಎಂದುಕೊಂಡೆ. ನಾಲ್ಕು ಕಡೆ ನೋಡಿ ಒಂದು ಆರಿಸುವುದು ನನ್ನ ಹುಟ್ಟುಬುದ್ಧಿ. ಆದರೆ ಅದರ ಜೊತೆಗೇ ಇನ್ನೊಂದು ಬುದ್ಧಿಯೂ ಅಂಟಿಕೊಂಡಿದೆ. ಮನಸ್ಸಿಗೆ ಬಂದ ಮಾಲಿಗೆ ಹೆಸರಿಡದೆ ಕೊಂಡವನು ನಮ್ಮಲ್ಲಿ ವ್ಯಾಪಾರಸ್ಥನೇ ಅಲ್ಲ. ಸೆರಗಿನ ಕೆಂಪು ಕಣ್ಣಿಗೆ ಹಬ್ಬವಾಗಿದ್ದರೂ ಮುಖ ಗಂಟು ಹಾಕಿ, "ಬಣ್ಣ ಸಪ್ಪಗಾತು, ದಡಿ ಸೊಟ್ಟ ಐತಿ" ಅನ್ನಬೇಕು. ಮಾರುವವನಿಗೂ ಅದು ಗೊತ್ತಿರುತ್ತದೆ. ಹೆಸರಿಡದೆ ಎದ್ದುಹೋದ ಗಿರಾಕಿಯೇ ಅವನಿಗೆ ಹೆದರಿಕೆ.

ಪರಸಪ್ಪನನ್ನು ಕರೆದುಕೊಂಡು ಮೊದಲು ನಮ್ಮ ಇಳಕಲ್ಲಿನಲ್ಲೇ ಕರಾಟೆ ನೋಡಿದೆ. ಸಾಲಿಯ ಬಯಲಿನಲ್ಲಿ ಬಿಳಿ ಅಂಗಿಯ ಮಕ್ಕಳು ಸಾಲಾಗಿ ನಿಂತು, ಗಾಳಿಗೆ ಗುದ್ದಿ, ಗಾಳಿಗೆ ಒದ್ದು, ಹೂಂಕರಿಸುತ್ತಿದ್ದರು. ಒಳಗೊಳಗೇ ನನಗೆ ಸೇರಿತು. ಬೆನ್ನು ನೆಟ್ಟಗೆ, ಉಸಿರು ಲೆಕ್ಕದಲ್ಲಿ, ಕಾಲು ಹಗುರ. ಮೈ ಗಟ್ಟಿ ಆಗಬೇಕು ಎನ್ನುವವರಿಗೆ, ಅದರಲ್ಲೂ ಮೊಬೈಲಿಗೆ ಬೆನ್ನು ಬಾಗಿದ ಮಕ್ಕಳಿಗೆ, ಇದಕ್ಕಿಂತ ಚಲೋದು ಬೇಡ. ಆದರೆ ಬಾಯಿ ಸುಮ್ಮನಿರಬೇಕಲ್ಲ. ವೈರಿಯೇ ಇಲ್ಲದ ಜಗಳ ಇದೆಂಥದು ಎಂದು ಮಾಸ್ತರನಿಗೆ ಕೇಳಿಸುವಂತೆ ಅಂದೆ. ಪರಸಪ್ಪ ಕುರ್ಚಿಯಿಂದ ಮೆಲ್ಲಗೆ ಎದ್ದು, ಚಲೋ ಇಲ್ಲ ಅಂದಮೇಲೆ ಮನೆಗೆ ಹೋಗೋಣು ಅಂದ.

ಬಾಗಲಕೋಟೆಯ ನವನಗರದಲ್ಲಿ ಕಿಕ್‌ಬಾಕ್ಸಿಂಗ್ ಜಿಮ್ಮಿಗೆ ಹೋದೆವು. ಹಾಡಿನ ಅಬ್ಬರ, ತೂಗುಬಿಟ್ಟ ಚೀಲ, ಕೈಗೆ ಗವಸು, ತಲೆಗೆ ಟೊಪ್ಪಿಗೆ. ಇಬ್ಬರು ಹುಡುಗರು ಖರೆಖರೆ ಗುದ್ದಾಡಿ, ಗಂಟೆ ಬಾರಿಸಿದ ಕೂಡಲೇ ಒಬ್ಬರ ಬಾಟಲಿಯಿಂದ ಒಬ್ಬರು ನೀರು ಕುಡಿದರು. ಅದನ್ನು ನೋಡಿ ನನಗೆ ಗರಡಿಯ ನೆನಪಾಯಿತು. ಎದುರಾಳಿಯನ್ನು ಇಟ್ಟುಕೊಂಡು ಕಲಿಯುವ ಆಸೆ ಇದ್ದವರಿಗೆ ನಾನು ಇಂದಿಗೂ ಹೇಳುವುದು ಇಷ್ಟೇ: ಯಾವ ವಿದ್ಯೆ ಎಂದು ನೋಡಬೇಡಿ, ಹೊಡೆದಾಟ ಮುಗಿದ ಮೇಲೆ ಅಲ್ಲಿಯ ಹುಡುಗರು ಹೇಗೆ ಮಾತಾಡುತ್ತಾರೆ ನೋಡಿ. ಆದರೆ ಅಂದು ನನ್ನ ಬಾಯಿಂದ ಬಂದದ್ದು ಬೇರೆ. ಹೊಡೆತ ತಿನ್ನುವುದಕ್ಕೂ ಫೀ ಕೊಡಬೇಕೇ ಎಂದುಬಿಟ್ಟೆ. ಪರಸಪ್ಪ ಆಗಲೇ ಬಾಗಿಲ ಹತ್ತಿರ ಚಪ್ಪಲಿ ಹುಡುಕುತ್ತಿದ್ದ. ಬರುವಾಗ ಅಮೀನಗಡದಲ್ಲಿ ಕರದಂಟು ಕೊಂಡೆವು. ಆ ದಿನದ ಗಳಿಕೆ ಅಷ್ಟೇ.

ಸ್ವರಕ್ಷಣೆಗೆ ದೊಣ್ಣೆವರಸೆ ಚಲೋ, ಮುದುಕರ ಕೈಯಲ್ಲಿ ಹೇಗೂ ಬಡಿಗೆ ಇರುತ್ತದೆ ಎಂದು ಯಾರೋ ಅಂದಿದ್ದಕ್ಕೆ ಬಾದಾಮಿಗೂ ಹೋದೆವು. ಅಲ್ಲಿ ಒಬ್ಬ ಮಾಸ್ತರ ಕೋಲು ತಿರುಗಿಸಿದ ರೀತಿಗೆ ಕೋಲೇ ಕಾಣಿಸಲಿಲ್ಲ, ಬರೀ ಗಾಳಿ ಕಾಣಿಸಿತು. ನಾವು ಬಾಯಿ ತೆರೆದು ನೋಡುತ್ತಿದ್ದಾಗ ಒಂದು ಮಂಗ ಬಂದು ನನ್ನ ಕೈಯ ಬಾಳೆಹಣ್ಣನ್ನು ಚೀಲ ಸಮೇತ ಎತ್ತಿಕೊಂಡು ಹೋಯಿತು. ಮಾಸ್ತರ ಬೆನ್ನಟ್ಟಿದರು, ಮಂಗ ಗೋಡೆಯ ಮೇಲೆ ಕೂತು ಕಿಚಗುಟ್ಟುತ್ತ ಸಿಪ್ಪೆಯನ್ನು ನಮ್ಮ ಕಡೆ ಒಗೆಯಿತು. ಮಂಗನನ್ನೂ ತಡೆಯದ ಕೋಲು ಎಂಥ ಕೋಲು ಎಂದು ಹೆಸರಿಟ್ಟೆ, ಪರಸಪ್ಪ ಕೂಡಲೇ ಎದ್ದ. ಸ್ವರಕ್ಷಣೆಯ ಬಗ್ಗೆ ನಾನು ಕಲಿತದ್ದೆಲ್ಲ ಆ ಮಂಗನಿಂದಲೇ: ಎದುರು ನಿಲ್ಲಬೇಡ, ಕೂಗಾಡು, ಎತ್ತರಕ್ಕೆ ಓಡು. ನಮ್ಮ ಅಂಗಡಿಯ ಹೆಣ್ಣುಮಕ್ಕಳಿಗೂ ಇದನ್ನೇ ಹೇಳುತ್ತೇನೆ. ಚೀಲ ಹೋದರೆ ಹೋಗಲಿ, ನೀವು ಮನೆಗೆ ಬರ್ರಿ.

ಕೆರೆಯ ಮೆಟ್ಟಿಲ ಮೇಲೆ ಕೂತು ಪರಸಪ್ಪನನ್ನು ಹುರಿದುಂಬಿಸಲು ನನಗೆ ತಿಳಿದ ಇತಿಹಾಸ ಹೇಳಿದೆ. ಈ ಊರನ್ನು ಗೆದ್ದ ಪಲ್ಲವ ಅರಸ ತನಗೆ ದೊಡ್ಡ ಮಲ್ಲನೆಂದು ಬಿರುದು ಇಟ್ಟುಕೊಂಡಿದ್ದನಂತೆ. ಅಂದರೆ ಬಾದಾಮಿ ಬಿದ್ದದ್ದು ಸಾಮಾನ್ಯರ ಕೈಯಲ್ಲಲ್ಲ, ಪೈಲವಾನನ ಕೈಯಲ್ಲಿ. ಆದರೂ ಕೆಲವು ವರ್ಷಕ್ಕೆ ಚಾಲುಕ್ಯರು ಮತ್ತೆ ಎದ್ದರು ನೋಡು, ಅಂದೆ. ಪರಸಪ್ಪ ಕೆರೆಯ ನೀರು ನೋಡುತ್ತ, "ಅವರಿಗೆ ದಂಡು ಇತ್ತಪಾ" ಅಂದ. ಮೆಟ್ಟಿಲು ಹತ್ತುವಾಗ ನನ್ನ ಭುಜವನ್ನು ಎಷ್ಟು ಬಿಗಿಯಾಗಿ ಹಿಡಿದನೆಂದರೆ, ಒಂದು ಕಾಲದಲ್ಲಿ ಎಂಥ ಹುಲಿಯಂಥವರನ್ನು ಮಣ್ಣಿಗೆ ಕೆಡವಿದ ಬೆರಳು ಅವು ಎಂದು ನನಗೆ ನೆನಪಾಯಿತು.

ಅಂದು ಗಂಗವ್ವ ನನಗೆ ಚಹಾ ಕೊಡುವ ಮೊದಲು ಮಂಗಳಾರತಿ ಮಾಡಿದಳು. "ನೀವು ಅವರನ್ನ ಹೊರಗ ಕರ್ಕೊಂಡ ಹೊಂಟೀರೋ, ಒಳಗ ಕೂಡಸಾಕ ಹೊಂಟೀರೋ? ನೀವು ಹೋದಲ್ಲೆಲ್ಲ ಹೆಸರಿಡ್ರಿ, ಅವರು ಅದನ್ನ ನೆವ ಮಾಡ್ಕೊಂಡ ಬಂದ ಕಟ್ಟಿ ಹಿಡೀಲಿ." ಮುಂದಿನ ಸಲ ಬಾಯಿ ತೆರೆಯುವುದಿಲ್ಲ ಎಂದು ಆಕೆಗೆ ಮಾತು ಕೊಟ್ಟೆ.

ಮುಂದಿನ ಸಲ ಹುನಗುಂದ. ಜೂಡೋ ಕಲಿಸುವ ರೇಣುಕಾ ಟೀಚರ್ ಶಿರೂರಿನ ಒಕ್ಕಲಿಗರ ಮನೆಯ ಹುಡುಗಿ. ಕಲ್ಯಾಣಮಂಟಪದ ಹಿಂದಿನ ಹಾಲಿನಲ್ಲಿ ದಪ್ಪ ಚಾಪೆ ಹಾಸಿ ಮಕ್ಕಳಿಗೆ ಬೀಳಲು ಕಲಿಸುತ್ತಿದ್ದಳು. ಕೆಡವಲು ಅಲ್ಲ, ಬೀಳಲು. ಒಬ್ಬೊಬ್ಬರೇ ಗದ್ದ ಎದೆಗೆ ಒತ್ತಿ, ಬೆನ್ನು ಗುಂಡಗೆ ಮಾಡಿ ಹಿಂದಕ್ಕೆ ಉರುಳಿ, ಅಂಗೈಯಿಂದ ಚಾಪೆಗೆ ಪಟ್ಟನೆ ಬಡಿಯುವುದು, ಏಳುವುದು, ಮತ್ತೆ ಬೀಳುವುದು. ನನಗೆ ಇದು ಎಷ್ಟು ಹಿಡಿಸಿತೆಂದರೆ, ಕೊಟ್ಟ ಮಾತೆಲ್ಲ ಮರೆತುಹೋಗಿ ಒಳಗಿನ ವ್ಯಾಪಾರಿ ಎದ್ದು ಕೂತ. ಚಾಪೆ ತೆಳ್ಳಗಿವೆ ಅಂದೆ, ಸೆಖೆ ಅಂದೆ, ದೂರ ಅಂದೆ. ಅಲ್ಲಿಗೂ ನಿಲ್ಲದೆ, "ಬೀಳಾಕ ಕ್ಲಾಸ್ ಯಾಕ ಬೇಕವ್ವ? ನಮ್ಮ ಪರಸ್ಯಾ ಬಚ್ಚಲದಾಗ ಪುಕ್ಕಟ ಬಿದ್ದ ಬಂದಾನ" ಅಂದುಬಿಟ್ಟೆ.

ಮಕ್ಕಳು ನಕ್ಕರು. ಪರಸಪ್ಪ ನಗಲಿಲ್ಲ. ನನ್ನ ನಾಲಿಗೆ ನನಗೇ ಭಾರವಾಯಿತು. ಟೀಚರ್ ನನ್ನನ್ನು ಬಿಟ್ಟು ಅವನ ಮುಂದೆ ಕೂತಳು.

"ಹೆಂಗ ಬಿದ್ರಿ ಅಜ್ಜಾರ? ಕೈ ಊರಿದ್ರೇನು?"

ಪರಸಪ್ಪ ಎಡಗೈ ತೋರಿಸಿದ.

"ಎಲ್ಲಾರೂ ಊರ್ತಾರ್ರಿ, ಭೂಮಿನ ತಡದ ಹಿಡಿಯಾವರಂಗ. ತಡೀಬಾರದು. ಹಿಂಗ ಬಡೀಬೇಕು." ಅವಳು ಅಂಗೈಯಿಂದ ಚಾಪೆಗೆ ಬಡಿದಳು. ಡಾಕ್ಟರು ಹೂಂ ಅಂದರೆ ಮಾತ್ರ ಬರ್ರಿ, ಮೊದಲು ಕೂತಲ್ಲಿಂದ ಬೀಳುವುದು, ಆಮೇಲಿನದು ಆಮೇಲೆ ಅಂದಳು.

ಬಸ್ಸು ಊರ ಹತ್ತಿರ ಬಂದಿತ್ತು. ಗಂಗವ್ವನಿಗೆ ಏನು ಹೇಳಲಿ ಎಂದು ನಾನು ಮಾತು ಹೊಂದಿಸುತ್ತಿದ್ದೆ. ಆಗ ಪರಸಪ್ಪ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಅಂದ:

"ನನ್ನ ಸೀರಿಗೆ ಇಷ್ಟ ವರ್ಷ ಹೆಸರಿಟ್ಟಿ. ಇವತ್ತ ಇಟ್ಟಷ್ಟು ಯಾವ ಸೀರಿಗೂ ಇಟ್ಟಿಲ್ಲಲೇ."

"ಬಾಯಿ ತಪ್ಪಿ ಬಂತೋ."

"ಬಾಯಿ ತಪ್ಪಿದ್ದಲ್ಲ. ಮಾಲು ಚಲೋ ಇರಬೇಕು. ಡಾಕ್ಟರಿಗೆ ಕೇಳಿ ನಾಡದ ಹೋಗೂಣು."

ಹಾಗಾದರೆ ಮೊದಲಿನ ಮೂರು ಕಡೆ ಯಾಕೆ ಎದ್ದು ಬಂದೆ ಎಂದು ಕೇಳಿದೆ. ಅಲ್ಲಿ ನೀನು ಇಟ್ಟ ಹೆಸರು ನನಗೆ ಅನುಕೂಲವಾಗಿತ್ತು ಎಂದು ಮೊದಲ ಬಾರಿಗೆ ನಕ್ಕ. ಕೊಳ್ಳುವವನ ಮನಸ್ಸು ಮಾರುವವನಿಗೆ ಗೊತ್ತಿರುತ್ತದೆ ಎಂದು ನಾನು ಆಗಲೇ ಹೇಳಲಿಲ್ಲವೇ?

ಡಾಕ್ಟರು ಹೂಂ ಅಂದರು. ಪರಸಪ್ಪ ಧೋತರದ ಮೇಲೆ ಬಿಳಿ ಅಂಗಿ ತೊಟ್ಟು ಮಕ್ಕಳ ಸಾಲಿನ ಕೊನೆಗೆ ಕೂತು ಬೀಳತೊಡಗಿದ. ಕೂತು ಬಿದ್ದ, ಕುಕ್ಕರುಗಾಲಲ್ಲಿ ಬಿದ್ದ. ಅಂಗೈ ಚಾಪೆಗೆ ಬಡಿದ ಸಪ್ಪಳಕ್ಕೆ ಅವನ ಮುಖದ ಮೇಲೆ ಹಳೆಯದೊಂದು ಗೆರೆ ಮೂಡುತ್ತಿತ್ತು. ಗೋಡೆಯ ಬದಿ ಕೂತು ಸಲಹೆ ಕೊಡುತ್ತಿದ್ದ ನನ್ನನ್ನು ಟೀಚರ್ ಒಂದು ದಿನ ಚಾಪೆಗೆ ಕರೆದಳು. ಮೊಣಕಾಲು ನೋವು, ಉಂಡು ಬಂದಿದ್ದೇನೆ, ಅಂಗಡಿಗೆ ಹೊತ್ತಾಯಿತು ಎಂದು ಏನೆಲ್ಲ ಹೇಳಿ ನೋಡಿದೆ. ಕೂತಲ್ಲಿಂದ ಹಿಂದಕ್ಕೆ ಒರಗುವುದು, ಅಷ್ಟೇ. ಆದರೆ ಬೆನ್ನ ಹಿಂದೆ ಏನೂ ಇಲ್ಲವೆಂಬುದು ಮೈಗೆ ತಿಳಿದಾಗ ಆಗುವ ದಿಗಿಲು ಇದೆಯಲ್ಲ, ಅದು ಪರಸಪ್ಪನೊಬ್ಬನದೇ ಅಲ್ಲ ಎಂದು ಅಂದು ಗೊತ್ತಾಯಿತು. "ಬೀಳಲೇ ಸಾವ್ಕಾರ. ಇಲ್ಲಿ ಬರಾಬರಿ ನಡೆಯೂದಿಲ್ಲ" ಅಂದ ಅವನು. ಬಿದ್ದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಹಾಲಿನ ಛಾವಣಿಯಲ್ಲಿ ಗುಬ್ಬಿಯ ಗೂಡೊಂದು ಇರುವುದು, ಇಷ್ಟು ದಿನ ಹೋಗಿಬಂದರೂ, ಬಿದ್ದ ಮೇಲೆಯೇ ನನಗೆ ಕಂಡಿತು.

ಇಷ್ಟಾದರೂ ಮಗ್ಗದ ಕುಣಿ ಕುಣಿಯಾಗಿಯೇ ಉಳಿದಿತ್ತು. ಗೋಡೆ ಬಿಟ್ಟು ನಡೆದ, ಬಸ್ಸನ್ನು ತಾನೇ ಹತ್ತಿದ, ಆದರೆ ಆ ಅಂಚಿಗೆ ಬಂದರೆ ಕಾಲು ಕಲ್ಲು. ನಾನು ಕೇಳಲಿಲ್ಲ, ಗಂಗವ್ವನೂ ಕೇಳಲಿಲ್ಲ. ಕೆಲವು ಮಾಲನ್ನು ಬೇಕೆಂದು ಬಾಯಿ ಬಿಟ್ಟು ಕೇಳಿದರೆ ಸಿಗುವುದೇ ಇಲ್ಲ.

ಮೊನ್ನೆ ಮುಂಜಾನೆ ಅಂಗಡಿ ತೆರೆದು ಗಾದಿ ಝಾಡಿಸುತ್ತಿದ್ದಾಗ ಫೋನು ಬಂತು. ಗಂಗವ್ವನ ನಂಬರು, ಆದರೆ ಮಾತಿಲ್ಲ. ಹಲೋ, ಹಲೋ ಅಂದೆ. ಆ ಕಡೆಯಿಂದ ಬಂದದ್ದು ಟಕ್, ಟಕ್, ಟಕ್. ನಡುನಡುವೆ ನಿಲ್ಲುತ್ತ, ತಡವರಿಸುತ್ತ, ಮತ್ತೆ ಹತ್ತಿಕೊಳ್ಳುತ್ತ. ಝಾಡಿಸುವ ಬಟ್ಟೆ ಕೈಯಲ್ಲೇ ಹಿಡಿದು ಎಷ್ಟು ಹೊತ್ತು ನಿಂತೆನೋ. ಆಕೆ ಫೋನನ್ನು ಮಗ್ಗದ ಕಡೆ ಹಿಡಿದು ನಿಂತಿದ್ದಳು.

"ಕೇಳಿಸ್ತೇನ್ರಿ?" ಅಂದಳು ಕಡೆಗೆ.

"ಕೇಳಿಸ್ತು ವೈನಿ."

"ಹಂಗಾರ ಇದನ್ನೂ ಕೇಳ್ರಿ. ನಿಮ್ಮ ದೋಸ್ತ ದಿನಾ ಮನ್ಯಾಗ ಮಂಚದ ಮ್ಯಾಲೆ ಬೀಳೂದು ಕಲ್ಯಾಕ ಹತ್ಯಾರ. ನಿನ್ನೆ ಮಂಚದ ಕಾಲು ಮುರದೈತಿ."

ಅವನಿಗೆ ಏನೂ ಆಗಲಿಲ್ಲವಲ್ಲ ಎಂದು ಕೇಳಿದೆ.

"ಅವರಿಗೇನಾಗೂದರಿ. ನಕ್ಕೋತ ಎದ್ದರು."

ಬಡಿಗೇರನನ್ನು ಕಳಿಸುತ್ತೇನೆ ಎಂದು ಹೇಳಿ ಫೋನು ಇಟ್ಟೆ. ನೀವು ಕೇಳದಿದ್ದರೂ ಒಂದು ಸಲಹೆ ಹೇಳುತ್ತೇನೆ, ಬೇಕಾದರೆ ಇಲ್ಲೇ ಬಿಟ್ಟು ಹೋಗಿ: ಮೈಗಾಗಿ ಕಲಿಯಿರಿ, ಎದುರಾಳಿಗಾಗಿ ಕಲಿಯಿರಿ, ಕಳ್ಳರ ಸಲುವಾಗಿ ಕಲಿಯಿರಿ, ನಿಮ್ಮ ಖುಷಿ. ನಮ್ಮ ವಯಸ್ಸಿಗೆ ಬಂದ ಮೇಲೆ ಮಾತ್ರ, ಡಾಕ್ಟರನನ್ನು ಬಿಟ್ಟು ಬಡಿಗೇರನನ್ನು ಕರೆಸುವಂಥ ವಿದ್ಯೆ ಯಾವುದೋ ಅದನ್ನೇ ಆರಿಸಿಕೊಳ್ಳಿ. ಅದು ಯಾವತ್ತೂ ಲಾಭದ ವ್ಯಾಪಾರ.